ಬೆಡಗು ಕೇಳಿ ಏಳದ ಯಂತ್ರ

ಎಂಬತ್ತರ ದಶಕದ ನಡುವೆ ರಾಯಚೂರಿನ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಗಣಿತ ಕಲಿಸುವವಳೆಂದು ನನ್ನನ್ನೇ ತರಬೇತಿಗೆ ಕಳಿಸಿದರು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಒಂದಿಷ್ಟು ಕಲಿತು, ಬಹಳ ಬಲ್ಲವಳಂತೆ ಮರಳಿದೆ. ಪರೀಕ್ಷೆಗೆ ಯಾರು ಕೂಡಬಹುದೆಂಬ ಹಾಜರಿ ಪಟ್ಟಿಯನ್ನು ಯಂತ್ರದಿಂದಲೇ ತೆಗೆಯುತ್ತೇನೆಂದೆ. ಮಾನ್ವಿ ಕಡೆಯ ಹೆಡ್‌ಮಾಸ್ತರರು ನಕ್ಕರು.

"ನಾಳೆ ಮಧ್ಯಾಹ್ನ ಪಟ್ಟಿ ಗ್ವಾಡಿಗಿ ಹಚ್ಚಿರಬೇಕ್ರಿ ಟೀಚರ್. ಇಲ್ಲಂದ್ರ ಅದಕ್ಕ ಚಾದರ ಹೊಚ್ಚಿ ಖೋಲಿಗೆ ಕೀಲಿ ಹಾಕ್ತೀನಿ."

ಮರುದಿನ ಮುಂಜಾನೆ ಸರಸರ ಬರುತ್ತಿದ್ದ ಪಟ್ಟಿ ಒಂದು ಹೆಸರಿನ ಹತ್ತಿರ ನಿಂತೇಬಿಟ್ಟಿತು. ದೇವದುರ್ಗದಿಂದ ಬಂದು ಹಿಂದಿನ ದಿನ ಸಂಜೆಯಷ್ಟೇ ಸೇರಿದ ಹುಡುಗಿ. ಅವಳ ಪಾಲಿಗೆ ಶಾಲೆ ನಡೆದ ದಿನಗಳು ಸೊನ್ನೆ. ಸೊನ್ನೆಯಿಂದ ಭಾಗಿಸಲಾರೆ ಎಂದು ಯಂತ್ರದ ಹಟ.

"ಭಾಗಸು ಅಂತ ನಿನಗ್ಯಾರು ಹೇಳ್ಯಾರ?" ಎಂದು ಅದರ ಮೇಲೆ ರೇಗಿದೆ. ದಿನಗಳು ಸೊನ್ನೆಗಿಂತ ಹೆಚ್ಚಿರಬೇಕು, 'ಆಂಡ್' ಹಾಜರಿಯನ್ನು ದಿನಗಳಿಂದ ಭಾಗಿಸಿದರೆ ಮುಕ್ಕಾಲಾದರೂ ಬರಬೇಕು ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆ. ಮೊದಲ ಮಾತೇ ಸುಳ್ಳಾದ ಮೇಲೆ ಎರಡನೆಯದನ್ನು ಯಾರಾದರೂ ನೋಡುತ್ತಾರೆಯೇ?

ನಮ್ಮೂರು ಮಸರಕಲ್ಲಿನಲ್ಲಂತೂ ನೋಡುವುದಿಲ್ಲ. ಕನ್ಯೆ ನೋಡಲು ಹೋದಾಗ ಅವ್ವ ಮೊದಲು ಕೇಳುತ್ತಿದ್ದದ್ದು ಬೆಡಗು, ಅಂದರೆ ಗೋತ್ರದಂತೆ ಮನೆತನದ ಮೂಲ ಹೇಳುವ ಹೆಸರು. ಎರಡೂ ಮನೆತನದ ಬೆಡಗು ಒಂದೇ ಆದರೆ ಹುಡುಗ ಹುಡುಗಿ ಅಣ್ಣತಂಗಿ ಆದಂತೆ. ಚಹಾ ಕುಡಿದು ಏಳುವುದು. ಹುಡುಗಿ ಎಷ್ಟು ಓದಿದ್ದಾಳೆ, ರೊಟ್ಟಿ ಬಡಿಯುತ್ತಾಳೋ ಇಲ್ಲವೋ, ಯಾರೂ ಕೇಳರು. ಪಕ್ಕದಲ್ಲಿದ್ದ ಕಲ್ಲೂರಿನ ವಿಜ್ಞಾನದ ಮಾಸ್ತರರಿಗೆ ಇದನ್ನೇ ಹೇಳಿದೆ.

"ಅದು ನಿಮ್ಮವ್ವ ಅಲ್ರಿ ಅಕ್ಕಾರ. ಬೆಡಗು ಒಂದೇ ಅಂದ್ರೂ ಒಳಗ ಹೋಗಿ ರೊಟ್ಟಿ ಬಡಿಸಿ ನೋಡೇ ಬರ್ತದ."

"ಯಾಕಂತ?"

"ಬರೇ ಹೌದು, ಅಲ್ಲ ಅನ್ನಾಕಷ್ಟೇ ಅಲ್ರಿ, ಎರಡು ಸಂಖ್ಯೆ ಕೊಟ್ರೂ ಇದು ಅದೇ ಆಂಡ್ ಹಿಡಕೊಂಡು ಲೆಕ್ಕ ಮಾಡ್ತದ. ಲೆಕ್ಕ ಅಂದಮ್ಯಾಲ ಎರಡೂ ಕಡೀದು ಕೈಗೆ ಬರಬೇಕಲ್ಲ? ಮೊದಲನೇದಕ್ಕ ಎದ್ದು ಬರೋ ಭಾಷಿನೂ ಅದಾವಂತ. ನಮ್ಮ ಪಾಲಿಗೆ ಬಂದಿದ್ದು ಇದು."

ಆಗಲೇ ಹನ್ನೊಂದೂವರೆ. ಸಾಲನ್ನು ಮುರಿದು ಎರಡು ಮಾಡಿದೆ: ದಿನಗಳು ಸೊನ್ನೆಯಾದರೆ 'ಹೆಡ್‌ಮಾಸ್ತರರನ್ನು ಕಾಣು' ಎಂದು ಬರೆದು ಮುಂದಿನ ಹೆಸರಿಗೆ ಹೋಗು, ಇಲ್ಲದಿದ್ದರೆ ಮಾತ್ರ ಭಾಗಿಸು. ಪಟ್ಟಿ ಕೊನೆಯವರೆಗೂ ಬಂತು. ಊಟದ ಗಂಟೆಗೆ ಸರಿಯಾಗಿ ಗೋಡೆಗೆ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ತರರ ಕರೆ ಬಂತು. ದೇವದುರ್ಗದ ಹುಡುಗಿ ಅವರ ಮೇಜಿನ ಮುಂದೆ ನಿಂತಿದ್ದಳು. ಪರೀಕ್ಷೆಗೆ ಕೂಡಬಹುದೆಂದು ಚೀಟಿಯ ಮೇಲೆ ಸಹಿ ಹಾಕುತ್ತಲೇ, ಅವರು ಯಂತ್ರದ ಖೋಲಿಯ ಕೀಲಿ ನನ್ನ ಕಡೆ ಸರಿಸಿದರು.

"ತಗೋರಿ ಟೀಚರ್, ಇನ್ನ ನೀವೇ ಇಟ್ಕೋರಿ. ಬಂದು ತಿಂಗಳಾಗಿಲ್ಲ, ಆಗಲೇ ಹೆಡ್‌ಮಾಸ್ತರಗ ಕೆಲಸ ಹಚ್ಚಾಕತ್ಯದ!"