ಹೊಂಡದಲ್ಲಿ ಮಿಂದ ಗಿಡುಗ

ಗಿಡುಗ ಸ್ನಾನ ಮಾಡುವುದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ನಮ್ಮ ಹಿತ್ತಲಿನ ಹೊಂಡದಲ್ಲಿ. ಅವತ್ತು ಬೆಳಿಗ್ಗೆಯಷ್ಟೇ ನಾನೂ ಅತ್ತೆಯೂ ಕೂತು ಕೋಳಿಮರಿಗಳಿಗೆಲ್ಲ ಗುಲಾಬಿ ಬಣ್ಣ ಬಳಿದಿದ್ದೆವು. ಬಣ್ಣದ ಮರಿಯನ್ನು ಗಿಡುಗ ಮುಟ್ಟುವುದಿಲ್ಲ ಎಂದು ಅತ್ತೆಯ ನಂಬಿಕೆ. ಬಾಳಗಡಿಯ ಅಂಗಡಿಯಿಂದ ಬಣ್ಣ ತಂದವಳು ನಾನು. ಮರಿಗಳು ಕೈಯಲ್ಲಿ ಒದ್ದಾಡಿದಾಗ ಅತ್ತೆ, "ಸುಮ್ನಿರಿ ಶನಿಗಳಾ, ನಿಮ್ಮ ಜೀವ ಉಳಿಸ್ಲಿಕ್ಕೇ ಮಾಡೋದು" ಎಂದು ಗದರಿದ್ದರು.

ಆಮೇಲೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದರೆ ಹೊಂಡದ ಅಂಚಿನ ನೀರಲ್ಲಿ ಗಿಡುಗ ನಿಂತಿತ್ತು. ನನ್ನತ್ತ ಒಮ್ಮೆ ನೋಡಿತು, ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಲೆ ಮುಳುಗಿಸಿ, ರೆಕ್ಕೆ ಬಡಿದು ಬೆನ್ನ ಮೇಲೆ ನೀರು ಎರಚಿಕೊಂಡು, ಎದೆಯ ಪುಕ್ಕವನ್ನು ಕೊಕ್ಕಿನಿಂದ ನಿಧಾನವಾಗಿ ತೀಡಿತು. ಹಾಳಾದ್ದು, ಎಷ್ಟು ಚೆಂದ ಇತ್ತೆಂದರೆ ನಾನು ಪಾತ್ರೆ ಹಿಡಿದುಕೊಂಡು ನಿಂತೇಬಿಟ್ಟೆ.

ಅಷ್ಟರಲ್ಲಿ ಅದರ ಎದೆಯಿಂದ, ಕಾಲಿನಿಂದ ಕೆಂಪು ಇಳಿದು ನೀರಿಗೆ ಹರಡಿತು. ಪಾಪ, ಗಾಯವಾಗಿದೆ ಅಂದುಕೊಂಡೆ. ಆದರೆ ರಕ್ತ ಅಷ್ಟು ಗುಲಾಬಿ ಇರುವುದಿಲ್ಲ. ನಾವು ಬಳಿದ ಬಣ್ಣ ಇನ್ನೂ ಆರಿರಲಿಲ್ಲ.

ಕೋಳಿಗೂಡಿನ ಹತ್ತಿರ ಓಡಿದೆ. ತಾಯಿಕೋಳಿ ಒಂದೇ ಸಮ ಕೂಗುತ್ತಿತ್ತು. ಉಳಿದ ಮರಿಗಳು ಹಸಿರು ಹುಲ್ಲಿನ ಮೇಲೆ ಆಕಾಶಕ್ಕೂ ಕಾಣುವ ಹಾಗೆ ಹೊಳೆಯುತ್ತಿದ್ದವು. ಹುಡುಕುವ ಕಷ್ಟವನ್ನೂ ನಾವು ಗಿಡುಗಕ್ಕೆ ತಪ್ಪಿಸಿದ್ದೆವು.

ಗದ್ದಲ ಕೇಳಿ ಅತ್ತೆ ಬಂದರು. ಗಿಡುಗ ಮೈ ಕೊಡವಿ, ಚೊಕ್ಕಟವಾಗಿ ಹಾರಿಹೋದದ್ದನ್ನು ಇಬ್ಬರೂ ನೋಡಿದೆವು.

"ಗುಲಾಬಿ ಆಗ್ಲಿಲ್ಲ" ಎಂದರು ಅತ್ತೆ. "ನಾಳೆ ನೀಲಿ ತಾ ಮಾರಾಯ್ತಿ."