ತಪ್ಪು ಮಾಡದವಳಿಗೆ ಕೊಟ್ಟ ಕ್ಷಮೆ

ಇವತ್ತು ಬೆಳಿಗ್ಗೆ ಗಾಳಿ ಸತ್ತಿದೆ. ಆಕಾಶಕ್ಕೆಲ್ಲ ಒದ್ದೆ ಬೂದಿ ಬಳಿದ ಹಾಗಿದೆ, ಮರದ ಒಂದೆಲೆಯೂ ಮಿಸುಕುತ್ತಿಲ್ಲ. ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ನಂಬಿದವರಿಗೆ ಇಂಥ ಬೆಳಗು ಶತ್ರು. ಕೆಂಡ ತಾನಾಗಿ ಉಸಿರಾಡುವುದಿಲ್ಲ, ರಟ್ಟೆ ನೋಯುವಷ್ಟು ಬೀಸಬೇಕು. ಹೊಗೆಯಾದರೂ ಎದ್ದು ಹೋಗುತ್ತದೆಯೇ ಎಂದರೆ ಅದೂ ಇಲ್ಲ, ಕರೆಯದೆ ಬಂದ ನೆಂಟನ ಹಾಗೆ ಮುಖದ ಮುಂದೆಯೇ ಕೂತಿರುತ್ತದೆ.

ಪ್ರಾರ್ಥನಾಲಯದ ಹಿಂಗೋಡೆಗೆ ಒತ್ತಿ ನಿಂತ ತಗಡಿನ ಮಾಡಿನ ಕೆಳಗೆ ಇಸ್ತ್ರಿ ಅಕ್ಕ ಕೆಮ್ಮುತ್ತ ಬೀಸುತ್ತಿದ್ದಾರೆ. ಭಾನುವಾರವಾದ್ದರಿಂದ ಮೇಜಿನ ಮೇಲೆ ಬಿಳಿ ಬಟ್ಟೆಯದೇ ರಾಶಿ. ಆರಾಧನೆಗೆ ಊರವರು ಉಡುವ ಬಿಳಿಯೆಲ್ಲ ಒಮ್ಮೆ ಈ ಮೇಜಿನ ಮೇಲೆ ಮಲಗಿ ಎದ್ದು ಹೋಗಬೇಕು. ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ನೀರು ಚಿಮುಕಿಸಿ, ಅಂಗೈಯಿಂದ ಸವರಿ, ಪೆಟ್ಟಿಗೆ ಒತ್ತುತ್ತಾರೆ. ಮಕ್ಕಳ ಮನೆಯ ಅತಿ ಕಿರಿಯವಳು ಪಕ್ಕದಲ್ಲಿ ಕೂತು ಎಲ್ಲಕ್ಕೂ ತನಿಖೆ ನಡೆಸುತ್ತಿದ್ದಾಳೆ.

“ಅಕ್ಕಾ, ಪಾಸ್ಟರ್ ಅಯ್ಯನ ಅಂಗಿಗೆ ಮಾತ್ರ ಯಾಕೆ ಎರಡು ಸಲ ನೀರು?”

“ಅವರ ಪ್ರಸಂಗ ಉದ್ದ ಕಣೇ. ಅದು ಮುಗಿಯೋವರೆಗೂ ಮಡಿಕೆ ನಿಲ್ಲಬೇಡವಾ?”

ಹುಡುಗಿ ಬಿದ್ದು ಬಿದ್ದು ನಗುತ್ತಾಳೆ. ಅಕ್ಕ ನಗುವುದಿಲ್ಲ. ಇತ್ತೀಚೆಗೆ ಅವರು ನಗಿಸುತ್ತಾರೆ, ನಗುವುದು ಕಡಿಮೆ.

ಮಾಡಿನ ಹಿಂದೆ ಇರುವ ಹಂಚಿನ ಮನೆಗೆ ಬೋರ್ಡು ಇಲ್ಲ. ಹಿಂದೆ ಅದು ಸಭೆಯವರ ಮುರುಕು ಬೆಂಚು, ಹಳೆ ಜಮಖಾನೆ ತುಂಬಿಡುವ ಉಗ್ರಾಣವಾಗಿತ್ತು. ಈಗ ಅಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಕೆಲಸ ಕೊಡಿಸುತ್ತೇವೆಂದು ನಂಬಿಸಿದವರಿಂದ ಮಾರಲ್ಪಟ್ಟವರು, ಸ್ವಂತ ಮನೆಯಲ್ಲೇ ಕೈಕಾಲು ಮುರಿಸಿಕೊಂಡವರು, ಹೇಳಬಾರದ್ದನ್ನು ಅನುಭವಿಸಿದವರು. ಸಾಲಾಗಿ ಜೋಡಿಸಿದ ಮಂಚಗಳು, ಗೋಡೆಗೊಂದು ಸಣ್ಣ ಶಿಲುಬೆ, ಒಬ್ಬೊಬ್ಬರಿಗೂ ಬೇರೆ ಬೇರೆ ಬಣ್ಣದ ಬಕೆಟ್ಟು. ಮಕ್ಕಳ ಕಲ್ಯಾಣದ ಅಧಿಕಾರಿಗಳು ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಾರೆ. ಇಲ್ಲಿ ಯಾರೂ ಯಾರನ್ನೂ ಅಮ್ಮ ಎನ್ನುವುದಿಲ್ಲ. ಇಲ್ಲಿನ ಹಲವು ಮಕ್ಕಳನ್ನು ಮೊದಲು ಕೂಡಿಹಾಕಿದ್ದ ಒಬ್ಬ ಹೆಂಗಸು ತನ್ನನ್ನು ‘ಅಮ್ಮ’ ಎಂದೇ ಕರೆಸಿಕೊಳ್ಳುತ್ತಿದ್ದಳಂತೆ. ಹಾಗಾಗಿ ಆ ಸಿಹಿ ಮಾತು ಈ ಮನೆಯ ಹೊಸ್ತಿಲಾಚೆಗೇ ಉಳಿದಿದೆ.

“ನನ್ನ ಬಗ್ಗೆ ಏನು ಬರೀತೀರಿ ಬಿಡಿ,” ಎಂದು ಬರೆಯಲು ಬಂದವರಿಗೆ ಹೇಳುತ್ತಾರೆ ಅಕ್ಕ. “ಬರೀಲೇಬೇಕು ಅಂದ್ರೆ ನಾವು ಮಾಡಿದ ತಪ್ಪನ್ನ ಬರೀರಿ. ಇನ್ನೊಂದು ಕಡೆ ಇಂಥ ಮನೆ ಕಟ್ಟೋರಿಗೆ ಉಪಯೋಗಕ್ಕೆ ಬರುತ್ತೆ.”

ಮದುವೆಯಾಗಿ ಬಂದ ವರ್ಷದಿಂದ ಅಕ್ಕ ಬಟ್ಟೆ ತೀಡುತ್ತಿದ್ದಾರೆ. ಗಂಡ ಹೋದಮೇಲೆ ಪೆಟ್ಟಿಗೆಯೇ ಗತಿಯಾಯಿತು. ಮನೆಮನೆಗೆ ಹೋಗಿ ಗಂಟು ಹೊತ್ತು ತರುವುದು, ತೀಡಿ ಮಡಿಸಿ ಹಿಂದಿರುಗಿಸುವುದು. ಅಂಥ ಒಂದು ದೊಡ್ಡ ಮನೆಯಲ್ಲಿ ಗಂಟು ತಂದುಕೊಡಲು ಒಬ್ಬಳು ಹುಡುಗಿ ಬರುತ್ತಿದ್ದಳು. ಈಗ ಅವಳೇ ಈ ಮನೆಯ ಹಿರಿಯ ಮಗು, ಎಲ್ಲರಿಗೂ ದೊಡ್ಡವಳು. ಅವಳ ಕಥೆ ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಕೈಯ ಗುರುತೊಂದರ ಮಟ್ಟಿಗೆ ಅವಳೇ ಒಪ್ಪಿದ್ದಾಳೆ. “ಅದು ಎಲ್ಲರಿಗೂ ಕಾಣೋದೇ ತಾನೆ, ಬರ್ಕೊಳ್ಳಿ.”

“ನನ್ನ ಕೈಮೇಲೂ ಸುಟ್ಟ ಗುರುತಿದೆ ನೋಡಿ,” ಎಂದು ಅಕ್ಕ ತೋಳು ಚಾಚುತ್ತಾರೆ. “ಕೈತಪ್ಪಿ ತಗುಲಿದ್ರೆ ಹೀಗೆ ಗೆರೆ ಬೀಳುತ್ತೆ. ಅವಳ ಕೈಮೇಲೆ ಪೆಟ್ಟಿಗೆಯ ಮೂತಿ ಪೂರ್ತಿ ಇತ್ತು. ನೋಡಿದ ಕೂಡಲೇ ಗೊತ್ತಾಯ್ತು. ಗೊತ್ತಾದರೂ ಮೂರು ವಾರ ಬಟ್ಟೆ ಎಣಿಸ್ಕೊಂಡು ಸುಮ್ನೆ ಬಂದೆ. ದೊಡ್ಡ ಮನೆ, ದೊಡ್ಡ ಗಂಟು, ಬಿಟ್ಟರೆ ಗಿರಾಕಿ ಹೋಗುತ್ತೆ ಅಂತ. ನಾಲ್ಕನೇ ವಾರ ನನ್ನ ಅನ್ನ ನನಗೇ ಗಂಟಲಲ್ಲಿ ಇಳೀಲಿಲ್ಲ, ಠಾಣೆಗೆ ಹೋದೆ.”

ಹುಡುಗಿಯನ್ನು ಬಿಡಿಸಿದರು. ಇಡಲು ಜಾಗವಿರಲಿಲ್ಲ. “ಸದ್ಯಕ್ಕೆ ನಿಮ್ಮ ಹತ್ರ ಇರಲಿ ಅಕ್ಕ” ಎಂದ ಅಧಿಕಾರಿ ಸದ್ಯ ಮುಗಿಯುವ ಮುನ್ನವೇ ಇನ್ನಿಬ್ಬರನ್ನು ಕರೆತಂದರು. ಅಕ್ಕನ ಒಂದು ಕೋಣೆಯ ಬಾಡಿಗೆಮನೆ ತುಂಬಿತು. “ಊರವರ ಬಟ್ಟೆ ತೀಡಿದ್ದು ಸಾಲದೂಂತ ಊರವರ ಮಕ್ಕಳನ್ನೂ ತೀಡೋಕೆ ಹೊರಟಿದ್ದಾಳೆ,” ಎಂದು ಮನೆಯೊಡತಿ ಆಡಿಕೊಂಡಳು, ಆಮೇಲೆ ಖಾಲಿ ಮಾಡಿಸಿದಳು. ಆಗ ಅಕ್ಕ ಸಭೆಯವರ ಮುಂದೆ ಸೆರಗೊಡ್ಡಿದರು. ಉಗ್ರಾಣ ಕೊಡಿ, ದೇವರ ಹೆಸರಲ್ಲಿ ಮಕ್ಕಳಿಗೊಂದು ಮನೆ ಮಾಡೋಣ.

ಈ ಸಭೆಯಲ್ಲಿ ಒಂದು ರೂಢಿಯಿದೆ. ಹಾಡು ಮುಗಿದ ಮೇಲೆ ಮನಸ್ಸಿದ್ದವರು ಎದ್ದು ನಿಂತು ‘ಸಾಕ್ಷಿ’ ಹೇಳುತ್ತಾರೆ. ನಾನು ಹೀಗೆ ಕೆಟ್ಟಿದ್ದೆ, ಕರ್ತನು ಹೀಗೆ ಎತ್ತಿದನು, ಈಗ ಹೀಗಿದ್ದೇನೆ ಎಂದು. ಕುಡಿತ ಬಿಟ್ಟವರು ಹೇಳಿದ್ದಾರೆ, ಹೆಂಡತಿಗೆ ಹೊಡೆಯುತ್ತಿದ್ದವರು ಅತ್ತು ಹೇಳಿದ್ದಾರೆ. ಹೇಳಿ ಮುಗಿಸಿದವರ ತಲೆಯ ಮೇಲೆ ಹಿರಿಯರು ಕೈಯಿಟ್ಟು, “ಕರ್ತನು ನಿನ್ನನ್ನು ಕ್ಷಮಿಸಿದ್ದಾನೆ” ಎನ್ನುತ್ತಾರೆ. ಎಷ್ಟೋ ಬಾಳು ಆ ಒಂದು ಮಾತಿನ ಮೇಲೆ ನೆಟ್ಟಗೆ ನಿಂತಿದೆ.

ಉಗ್ರಾಣ ಕೇಳಿದ ಭಾನುವಾರ ದೊಡ್ಡವಳನ್ನೂ ಸಾಕ್ಷಿ ಹೇಳಲು ನಿಲ್ಲಿಸಿದರು. ಯಾರೂ ಕೆಟ್ಟ ಮನಸ್ಸಿನಿಂದ ನಿಲ್ಲಿಸಲಿಲ್ಲ. ಅಕ್ಕನೇ ಅವಳ ಜಡೆ ಹೆಣೆದು ಕಳಿಸಿದರು. ಮಗು ಹೇಳಿತು. ಜನ ಬಿಕ್ಕಿ ಬಿಕ್ಕಿ ಅತ್ತರು. ಉಗ್ರಾಣ ಸಿಕ್ಕಿತು. ಕೊನೆಯಲ್ಲಿ, ಎಂದಿನಂತೆ, ಸಭೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಕರ್ತನು ನಿನ್ನನ್ನು ಕ್ಷಮಿಸಿದ್ದಾನೆ ಎಂದರು. ಮೊದಲು ಕೈಯಿಟ್ಟವರು ಬಡಗಿ ಹಿರಿಯರು. ತಿಂಗಳುಗಟ್ಟಲೆ ಕೂಲಿಯಿಲ್ಲದೆ ಉಗ್ರಾಣಕ್ಕೆ ಬಾಗಿಲು ಕೂರಿಸಿ, ಮಂಚ ಜೋಡಿಸಿಕೊಟ್ಟವರೂ ಅವರೇ.

ಅಂದಿನಿಂದ ದೊಡ್ಡವಳು ಪ್ರಾರ್ಥನಾಲಯದ ಹೊಸ್ತಿಲು ದಾಟಿಲ್ಲ. ಯಾಕೆಂದು ಯಾರಿಗೂ ತಿಳಿಯಲಿಲ್ಲ, ಸಂಕೋಚವಿರಬೇಕು ಎಂದುಕೊಂಡರು. ತಿಳಿದದ್ದು ಸರಕಾರಿ ವಕೀಲೆ ಬಂದ ದಿನ. ಅವಳನ್ನು ಕರೆತಂದು ಮಾರಿದವನ ಮೇಲೂ ಕೊಂಡ ದೊಡ್ಡ ಮನೆಯವನ ಮೇಲೂ ಮೊಕದ್ದಮೆ ನಡೆದಿದೆ. ಅವಳೊಬ್ಬಳ ಮಾತಿನ ಮೇಲೆಯೇ ಅದು ನಿಂತಿದೆ. “ನೀನು ಬಂದು ಸಾಕ್ಷಿ ಹೇಳಬೇಕು,” ಎಂದರು ವಕೀಲೆ.

ಹುಡುಗಿ ತಟ್ಟನೆ ಎದ್ದಳು. “ಸಾಕ್ಷಿ ಒಂದು ಸಲ ಹೇಳಿ ಆಗಿದೆ. ಕ್ಷಮಿಸಿನೂ ಆಗಿದೆ.”

ವಕೀಲೆಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು. ಅಂದು ಸಂಜೆ ಹುಡುಗಿ ಉಳಿದದ್ದನ್ನೂ ಅಕ್ಕನಿಗೆ ಹೇಳಿದಳು. “ಅಲ್ಲಿ ಎಲ್ಲರೂ ತಾವು ಮಾಡಿದ್ದನ್ನ ಹೇಳ್ತಾರೆ ಅಕ್ಕ. ನನ್ನ ಕೈಲಿ ಬೇರೆಯವರು ಮಾಡಿದ್ದನ್ನ ಹೇಳಿಸಿದ್ರಿ. ಆಮೇಲೆ ನನ್ನನ್ನ ಕ್ಷಮಿಸಿದ್ರಿ. ನಾನೇನು ಮಾಡಿದ್ದೆ?”

ಇದನ್ನು ಹೇಳುವಾಗ ಅಕ್ಕನ ಕೈ ನಿಂತುಬಿಡುತ್ತದೆ. ಬಟ್ಟೆ ಸೀದ ವಾಸನೆ ಬಂದಾಗಲೇ ಅವರಿಗೆ ಎಚ್ಚರ. “ಅಯ್ಯೋ, ದಿಂಬಿನ ಚೀಲ, ಸದ್ಯ ನಮ್ಮದೇ,” ಎಂದು ಪಕ್ಕಕ್ಕಿಡುತ್ತಾರೆ. “ನಾನು ಅವತ್ತೇ ಅವಳ ಕಾಲ ಹತ್ರ ಕೂತು ತಪ್ಪಾಯ್ತು ಅಂದೆ. ಆದ್ರೆ ತಲೆ ಮೇಲೆ ಕೈ ಇಟ್ಟೋಳು ನಾನಲ್ಲವಲ್ಲ. ಬಡಗಿ ಅಣ್ಣನ ಹತ್ರ ಹೋಗಿ ಹೇಳಿದೆ. ಅವರು ನನ್ನನ್ನೇ ಬೈದ್ರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ದೇವರ ಹೆಸರಲ್ಲಿ ಅಂದ ಮಾತನ್ನ ವಾಪಸ್ ತಗೊಳ್ಳೋಕೆ ಅದೇನು ನೀನು ತೀಡಿದ ಪಂಚೆನಾ ಅಂದ್ರು. ಅವತ್ತಿಂದ ಈ ಕಡೆ ತಲೆ ಹಾಕಿಲ್ಲ.”

ವಿಚಾರಣೆ ನಾಳೆ ಇದೆ.

ಬೆಳಕು ಪೂರ್ತಿ ಹರಿಯುವಷ್ಟರಲ್ಲಿ ಬಡಗಿ ಹಿರಿಯರು ಬರುತ್ತಾರೆ. ಕೈಯಲ್ಲಿ ಉಳಿ, ಸುತ್ತಿಗೆಯ ಚೀಲ. ಭಾನುವಾರ ಅವರು ಉಪಕರಣ ಮುಟ್ಟುವವರಲ್ಲ.

“ಅಡುಗೆಮನೆ ಬಾಗಿಲು ಕಿರುಗುಟ್ಟುತ್ತೆ ಅಂತ ಯಾರೋ ಅಂದ್ರು,” ಎನ್ನುತ್ತಾರೆ.

“ಯಾರೂ ಅಂದಿಲ್ಲ ಅಣ್ಣ. ಬಾಗಿಲಿಗಿಂತ ನಿಮ್ಮ ಮಂಡಿಯೇ ಜಾಸ್ತಿ ಕಿರುಗುಟ್ಟುತ್ತೆ,” ಎನ್ನುತ್ತಾರೆ ಅಕ್ಕ. “ಒಳಗಿದ್ದಾಳೆ, ಹೋಗಿ.”

ದೊಡ್ಡವಳು ಅಡುಗೆಮನೆಯ ಹೊಸ್ತಿಲಲ್ಲಿ ಮಕ್ಕಳ ಬಟ್ಟೆ ಮಡಿಸುತ್ತಿದ್ದಾಳೆ. ಹಿರಿಯರು ಸರಿಯಾಗಿಯೇ ಇರುವ ಬಾಗಿಲನ್ನು ಎರಡು ಸಲ ಅಲುಗಿಸಿ ನೋಡುತ್ತಾರೆ. “ಮಗಳೇ, ಅವತ್ತು ನಾನು ಅಂದದ್ದು... ಅದು ನಿನಗೆ ಹೇಳೋ ಮಾತಾಗಿರಲಿಲ್ಲ.”

ಹುಡುಗಿ ಬಟ್ಟೆಯಿಂದ ಕಣ್ಣೆತ್ತುವುದಿಲ್ಲ. “ಅವತ್ತು ಎಲ್ಲರ ಎದುರಿಗೆ ಅಂದ್ರಿ ತಾತ. ಇದನ್ನ ಅಡುಗೆಮನೆ ಬಾಗಿಲಲ್ಲಿ ಹೇಳ್ತೀರಾ?”

ಅದರಲ್ಲಿ ಒರಟುತನವಿಲ್ಲ. ಲೆಕ್ಕ ತಪ್ಪಿದ ಅಂಗಡಿಯವನಿಗೆ ಹೇಳುವಷ್ಟೇ ಸಾವಧಾನದಿಂದ ಹೇಳುತ್ತಾಳೆ. ಹಿರಿಯರು ಚೀಲ ಎತ್ತಿಕೊಂಡು ಹೊರಟುಹೋಗುತ್ತಾರೆ. ಅಕ್ಕ ಅವರ ಬೆನ್ನನ್ನು ನೋಡಿ ನಿಟ್ಟುಸಿರಿಟ್ಟು ಮತ್ತೆ ಕೆಂಡಕ್ಕೆ ಬೀಸತೊಡಗುತ್ತಾರೆ. ಅಷ್ಟರಲ್ಲಿ ವಕೀಲೆಯ ಫೋನು. “ನಾಳೆ ಬರ್ತಾಳಾ? ಒಂದು ಸಲ ಕೇಳಿ ನೋಡಿ.”

“ಇಲ್ಲ ಮೇಡಂ, ಕೇಳಲ್ಲ. ಕೇಳಿ ಕೇಳಿಯೇ ಕೆಡಿಸಿದ್ದೀವಿ.”

ಗಂಟೆ ಬಾರಿಸುತ್ತದೆ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ. ದೊಡ್ಡವಳು ಪ್ರಾರ್ಥನಾಲಯದ ಪಕ್ಕದ ಬಾಗಿಲಿನ ಮೆಟ್ಟಿಲ ಮೇಲೆ, ಹೊರಗೆ, ಬಟ್ಟೆಯ ಬುಟ್ಟಿಯೊಂದಿಗೆ ಕೂತಿದ್ದಾಳೆ. ಅವಳು ಒಳಗೆ ಹೋಗುವುದನ್ನು ಬಿಟ್ಟ ಮೇಲೆ ಅಕ್ಕನೂ ಭಾನುವಾರಗಳಂದು ಅವಳ ಪಕ್ಕದಲ್ಲೇ ಕೂರುತ್ತಾರೆ. ದೇವರಿಗೆ ಕಿವಿ ಚುರುಕು, ಇಲ್ಲಿಂದ ಅಂದರೂ ಕೇಳುತ್ತದೆ ಎಂಬುದು ಅವರ ನಂಬಿಕೆ. ಒಳಗಿನ ಹಾಡು ಗೋಡೆ ದಾಟಿ ಬರುತ್ತದೆ, ನಿಲ್ಲುತ್ತದೆ. ಸಾಕ್ಷಿಯ ಹೊತ್ತು. ಬೆಂಚು ಸರಿದ ಸದ್ದು. ಆಮೇಲೆ ಬಡಗಿ ಹಿರಿಯರ ದನಿ.

“ಕುಡಿತ ಬಿಟ್ಟಾಗ ಒಮ್ಮೆ ಇಲ್ಲಿ ನಿಂತಿದ್ದೆ. ಇವತ್ತು ಇನ್ನೊಂದಿದೆ. ಈ ಊರಲ್ಲಿ ಒಂದು ದೊಡ್ಡ ಮನೆಯವರು ಕೋಣೆ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದ್ರು. ಹಾಕಿಕೊಟ್ಟವನು ನಾನು. ಒಳಗಡೆ ಇರಬೇಕಾದ ಚಿಲಕ ಹೊರಗಡೆ ಯಾಕೆ ಅಂತ ಕೇಳಲಿಲ್ಲ. ಕೂಲಿ ತಗೊಂಡು ಬಂದೆ.”

ಯಾರೋ ಕೆಮ್ಮುತ್ತಾರೆ. ದನಿ ಮುಂದುವರಿಯುತ್ತದೆ.

“ಆ ಕೋಣೆಯಲ್ಲಿ ಇದ್ದದ್ದು ಮಗು ಅಂತ ಆಮೇಲೆ ತಿಳೀತು. ತಿಳಿದ ಮೇಲೂ, ಇದೇ ಜಾಗದಲ್ಲಿ, ಆ ಮಗುವಿನ ತಲೆ ಮೇಲೆ ಕೈಯಿಟ್ಟು ನಿನಗೆ ಕ್ಷಮೆಯಾಯ್ತು ಅಂದೆ. ನನ್ನ ಹಿಂದೆ ನೀವೆಲ್ಲ ಅಂದ್ರಿ. ಆ ಮಗು ಏನೂ ಮಾಡಿರಲಿಲ್ಲ. ಮಾಡಿದೋರು ನಾವು. ಆ ಮನೆಗೆ ಹಾಲು ಹಾಕಿದೋರು, ಬಟ್ಟೆ ಹೊಲಿದೋರು, ಚಿಲಕ ಹಾಕಿದೋರು. ಆ ಮಾತನ್ನ ನಾನು ವಾಪಸ್ ತಗೊಂಡಿದ್ದೀನಿ. ದೇವರಿಗೆ ಕೋಪ ಬಂದ್ರೆ ನನ್ನ ಮೇಲೆ ಬರಲಿ.”

ರೂಢಿಯಂತೆ ಯಾರೋ ಅವರ ತಲೆಯ ಮೇಲೆ ಕೈಯಿಡಲು ಹೋಗಿರಬೇಕು. “ಬೇಡ, ಬೇಡ. ನನಗೆ ಕ್ಷಮೆ ಕೊಡೋದು ನಿಮ್ಮ ಕೈಲಿಲ್ಲ,” ಎಂಬ ಮಾತು ಕೇಳಿಸುತ್ತದೆ.

ಹೊರಗೆ, ದೊಡ್ಡವಳ ಮಡಿಲಲ್ಲಿ ಅರ್ಧ ಮಡಿಸಿದ ಲಂಗ ಹಾಗೇ ಇದೆ. ಅದನ್ನು ಮಡಿಸಿ ಮುಗಿಸಿ ಕೇಳುತ್ತಾಳೆ. “ಕೋರ್ಟಲ್ಲಿ ಹೇಳಿದ ಮೇಲೆ ಯಾರಾದ್ರೂ ತಲೆ ಮೇಲೆ ಕೈ ಇಡ್ತಾರಾ ಅಕ್ಕ?”

“ಇಲ್ಲ ಕಂದ. ಬಾಗಿಲು ಹಾಕಿ ಕೇಳ್ತಾರೆ, ಬರ್ಕೋತಾರೆ, ಅಷ್ಟೇ. ಬೇಕಂದ್ರೆ ಕೂತ್ಕೊಂಡೂ ಹೇಳಬಹುದಂತೆ.”

“ನಿಂತೇ ಹೇಳ್ತೀನಿ.”

ಅಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಹೊಗೆ, ಹಾಳು ಹೊಗೆ ಎನ್ನುತ್ತಾರೆ. ಪೆಟ್ಟಿಗೆಯ ಕೆಂಡ ಯಾವಾಗಲೋ ಆರಿದೆ.

ಆರಾಧನೆ ಮುಗಿದು ಜನ ಹೊರಬರುತ್ತಾರೆ. ಆ ಬಿಳಿ ಬಟ್ಟೆಗಳೆಲ್ಲ ಇಂದು ಪಕ್ಕದ ಬಾಗಿಲ ಬಳಿ ತಲೆ ತಗ್ಗಿಸಿಕೊಂಡು ಹಾದುಹೋಗುತ್ತವೆ. ಯಾರೂ ಹುಡುಗಿಯ ಬೆನ್ನು ಸವರುವುದಿಲ್ಲ, ಲೊಚಗುಟ್ಟುವುದಿಲ್ಲ. ಕೊನೆಗೆ ಬಡಗಿ ಹಿರಿಯರು ಬರುತ್ತಾರೆ. ಅವಳು ಕೂತ ಮೆಟ್ಟಿಲಿಗಿಂತ ಕೆಳಗಿನ ಮೆಟ್ಟಿಲಿಗೆ ಇಳಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತಾರೆ.

“ನಮ್ಮನ್ನ ಕ್ಷಮಿಸು ತಾಯಿ. ಇವತ್ತೇ ಅಂತಲ್ಲ. ನಿನಗೆ ಯಾವತ್ತಾದ್ರೂ ಮನಸ್ಸಾದ್ರೆ.”