ಉಜ್ಜಿ ತೆಗೆದ ಕಪ್ಪು

ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದರು. ದೊಡ್ಡ ಜಗಳವೇನಲ್ಲ. ಆಗತಾನೇ ಒರೆಸಿದ ನೆಲದ ಮೇಲೆ ಅವನು ಕೆಸರು ಬೂಟಿನಲ್ಲೇ ಬಂದಿದ್ದ.

"ನಾನೇನು ನಿಮ್ಮ ಹಿಂದೆ ಒರೆಸೋ ಬಟ್ಟೆ ಹಿಡ್ಕೊಂಡು ಓಡಾಡ್ಬೇಕಾ?"

"ಓಡಾಡು, ಮೈ ಇಳಿಯುತ್ತೆ."

ಅವಳಿಗೆ ನಗು ಬಂತು. ತೋರಿಸಲಿಲ್ಲ. ಊಟ ಬಡಿಸಿದಳು, ಅವನು ಉಂಡ. ಹೊಸಿಲ ಮೇಲೆ ಕೂತು, ಕಾಡಿಗೆ ಒಯ್ಯುವ ದೊಡ್ಡ ಚಾಕುವನ್ನು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿದ. ಅಷ್ಟೇ ಆ ದಿನ.

ಕಾಡಿನೊಳಗೆ ಜನ ನಡೆಯುವ ಕಾಲುದಾರಿ ಸವರುವುದು ಅವನ ಕೆಲಸ. ದಾರಿಗೆ ಬಾಗಿದ ಕೊಂಬೆ, ಬಳ್ಳಿ, ಮುಳ್ಳು ಕಡಿಯಬೇಕು. ಮೂವತ್ತು ವರ್ಷ ಅದನ್ನೇ ಮಾಡಿದ. ಎಲ್ಲರೂ ದಾರಿಯಣ್ಣ ಎನ್ನುತ್ತಿದ್ದರು. ಆ ಜಗಳದ ಮಾರನೆಯ ದಿನ ಅವನೇ ಸವರಿಟ್ಟ ದಾರಿಯಲ್ಲಿ ಒಣಮರವೊಂದು ಅವನ ಮೇಲೆ ಬಿತ್ತು. ಹೊತ್ತು ತಂದವರು ಅವನನ್ನು ಒಳಗೆ ಮಲಗಿಸಿದರು. ಚಾಕುವನ್ನು ಅವಳ ಕೈಗೆ ಕೊಟ್ಟರು. ಅವಳು ಅಭ್ಯಾಸದಂತೆ ಅದನ್ನು ಮೊಳೆಗೆ ಹಾಕಿದಳು.

ತಪ್ಪಾದದ್ದು ಅಲ್ಲೇ. ಅವಳು ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು. ಕೆಲಸ ಮುಗಿಸಿ ಬಂದು ಬಾಗಿಲು ತೆಗೆದರೆ ಮೊದಲು ನೋಡುತ್ತಿದ್ದದ್ದು ಆ ಮೊಳೆಯನ್ನು. ಚಾಕು ಇದ್ದರೆ ಅವನು ಮನೆಗೆ ಬಂದಿದ್ದಾನೆ. ಮೊಳೆ ಬರಿದಾಗಿದ್ದರೆ ಕಾಡಿನಲ್ಲಿದ್ದಾನೆ. ಈಗ ದಿನಾ ಬಾಗಿಲು ತೆಗೆದರೆ ಚಾಕು ಅಲ್ಲೇ ಇರುತ್ತಿತ್ತು. ಒಂದು ಗಳಿಗೆ ಎದೆ ಹಗುರಾಗುತ್ತಿತ್ತು. ಆಮೇಲೆ ಗೊತ್ತಾಗುತ್ತಿತ್ತು. ದಿನಕ್ಕೊಂದು ಸಲ ಅವನು ಸಾಯುತ್ತಿದ್ದ.

"ಮಾರಿಬಿಡು ಅತ್ತಿಗೆ" ಎಂದಳು ನಾದಿನಿ. "ಕಬ್ಬಿಣಕ್ಕೇನು ಕಣ್ಣೀರು ಬರುತ್ತಾ? ಆ ಹಲ್ಲಿನ ಡಾಕ್ಟ್ರು ಎಷ್ಟು ಸಲ ಕೇಳಿಲ್ಲ!"

ಕೇಳಿದ್ದು ನಿಜ. ಹಲ್ಲಿನ ಡಾಕ್ಟರಿಗೆ ಚಾಕುಗಳ ಹುಚ್ಚು. ಗಾಜಿನ ಬೀರುವಿನಲ್ಲಿ ಸಾಲಾಗಿ ಇಟ್ಟಿದ್ದಾರಂತೆ. ದಾರಿಯಣ್ಣ ದವಡೆ ಊದಿಸಿಕೊಂಡು ಹೋದಾಗ ಅವರ ಕಣ್ಣು ಹಲ್ಲಿನ ಮೇಲಲ್ಲ, ಸೊಂಟದ ಚಾಕುವಿನ ಮೇಲೆ ಬಿತ್ತು. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಾಡಿದ ಚಾಕು. ಮಾಡಿದ ಕಮ್ಮಾರ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವನ ಕೈಯ ಚಾಕುಗಳು ಇನ್ನು ಹುಡುಕಿದರೂ ಸಿಗುವುದಿಲ್ಲ ಎಂದು ಡಾಕ್ಟರು ದುಂಬಾಲು ಬಿದ್ದರು.

"ಹಲ್ಲು ಬೇಕಾದ್ರೆ ಇನ್ನೆರಡು ಕಿತ್ಕೊಳ್ಳಿ ಡಾಕ್ಟ್ರೇ" ಎಂದಿದ್ದನಂತೆ ಅವನು. "ಚಾಕು ಮಾತ್ರ ಕೇಳ್ಬೇಡಿ."

ಈಗ ಇಲ್ಲ ಎನ್ನಲು ಅವನಿಲ್ಲ. ನಾದಿನಿ ಫೋನ್ ಮಾಡಿದಳು. ಭಾನುವಾರ ಹತ್ತು ಗಂಟೆಗೆ ಬರುತ್ತೇನೆ ಎಂದರು ಡಾಕ್ಟರು. ಮೊಳೆ ಖಾಲಿಯಾದರೆ ಅವನು ಕಾಡಿಗೆ ಹೋಗಿದ್ದಾನೆ ಎಂದಾದರೂ ಅಂದುಕೊಳ್ಳಬಹುದು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಭಾನುವಾರ ಬೆಳಿಗ್ಗೆ ಚಾಕುವನ್ನು ಕೆಳಗಿಳಿಸಿದಳು. ಅಲಗು ಪೂರ್ತಿ ಕಪ್ಪು. ಬಾಣಲೆಯ ತಳದ ಹಾಗೆ. ಅವನಿದ್ದಾಗ ಇದನ್ನು ಮುಟ್ಟಲು ಬಿಟ್ಟವನಲ್ಲ. "ಇದಕ್ಕೆ ನೀರು ಸೋಪು ಆಗಲ್ಲ. ನಿನ್ನ ಕೈಗೆ ಸಿಕ್ಕಿದ್ರೆ ಕಾಗೆನೂ ಬೆಳ್ಳಗಾಗುತ್ತೆ" ಎನ್ನುತ್ತಿದ್ದ. ಯಾಕೆ ಆಗಲ್ಲ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಇನ್ನೊಬ್ಬರ ಮನೆಗೆ ಹೋಗುವ ವಸ್ತು, ಕೊಳಕಾಗಿ ಕೊಟ್ಟರೆ ಅವನ ಮರ್ಯಾದೆ ಹೋಗುತ್ತದೆ ಎನ್ನಿಸಿತು. ಬಚ್ಚಲಲ್ಲಿ ಕೂತು ಪಾತ್ರೆ ಪುಡಿ ಹಾಕಿ ಉಜ್ಜಿದಳು. ಕಪ್ಪು ಬಿಡಲಿಲ್ಲ. ತಂತಿಯ ಸ್ಕ್ರಬ್ಬರ್ ತಂದಳು. ಒಂದು ಗಂಟೆ ಉಜ್ಜಿದಳು. ಕಪ್ಪು ನೀರು ಹರಿಯಿತು. ಅಲಗು ಹೊಸ ತಟ್ಟೆಯಂತೆ ಹೊಳೆಯಿತು. ಅವನು ಹೋದಮೇಲೆ ಮೊದಲ ಸಲ ಅವಳ ಕೈಗೆ ಹಿತವೆನಿಸಿತು. "ನೋಡಿ ಇಲ್ಲಿ" ಎನ್ನುತ್ತ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ.

ಹತ್ತು ಗಂಟೆಗೆ ಬಂದ ಡಾಕ್ಟರು ಚಾಕುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಮುಖ ಸಪ್ಪಗಾಯಿತು.

"ಅಮ್ಮಾ, ಏನು ಮಾಡಿದ್ರಿ ಇದಕ್ಕೆ?"

"ತೊಳೆದೆ."

"ಕಪ್ಪಿತ್ತಲ್ಲ?"

"ಹ್ಞೂ. ಎಲ್ಲ ಹೋಯ್ತು. ಕಷ್ಟಪಟ್ಟೆ."

ಅವರು ಅಲಗನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಅದು ಕೊಳೆ ಅಲ್ಲಮ್ಮ. ಅವರು ಕಡಿದ ಗಿಡದ ರಸ, ಹಣ್ಣಿನ ಹುಳಿ, ಕೈ ಬೆವರು. ಎಲ್ಲ ಕಬ್ಬಿಣಕ್ಕೆ ಹಿಡಿದು ಹಾಗಾಗಿತ್ತು. ಮೂವತ್ತು ವರ್ಷದ್ದು."

"ಅಯ್ಯೋ, ಅರ್ಧ ಬೆಲೆಗಾದ್ರೂ ತಗೊಳ್ಳಿ ಡಾಕ್ಟ್ರೇ" ಎಂದಳು ನಾದಿನಿ.

"ಈಗ ತಗೊಂಡ್ರೆ ಬೆಲೆ ಬರಲ್ಲ, ಇವರಿಗೇ ನಷ್ಟ. ದಿನಾ ಬಳಸಿ. ಈರುಳ್ಳಿ, ನಿಂಬೆ ಕೊಯ್ಯಿರಿ. ಎರಡು ಮೂರು ವರ್ಷಕ್ಕೆ ಮತ್ತೆ ಬಣ್ಣ ಬರುತ್ತೆ. ಆಗ ಹೇಳಿ ಕಳಿಸಿ, ನಾನೇ ಬರ್ತೀನಿ."

ಅವರು ಹೋದಮೇಲೆ ಅವಳು ಬಚ್ಚಲಿಗೆ ಹೋದಳು. ನೀರು ಆಗಲೇ ಹರಿದುಹೋಗಿತ್ತು. ಕಲ್ಲಿನ ಮೇಲೆ ಒಂದಿಷ್ಟು ಮಸಿ ಉಳಿದಿತ್ತು. ಬೆರಳಿನಿಂದ ಬಳಿದುಕೊಂಡಳು. ಒಂದು ಬೊಟ್ಟಿಗೂ ಸಾಲದಷ್ಟು. ನಾದಿನಿ ಬಂದು ಪಕ್ಕದಲ್ಲಿ ಕೂತಳು. ತಂತಿಯ ಸ್ಕ್ರಬ್ಬರನ್ನು ಮೂಲೆಗೆ ಸರಿಸಿದಳು.

"ಬೇಡ ಅಂದಿದ್ರು ಕಣೇ" ಎಂದಳು ಇವಳು. "ಮುಟ್ಬೇಡ ಅಂದಿದ್ರು."

ಮಾರನೆಯ ದಿನದಿಂದ ಚಾಕು ಮೊಳೆಗೆ ಹೋಗಲಿಲ್ಲ. ಅಡುಗೆ ಕಟ್ಟೆಗೆ ಬಂತು. ಮೊದಮೊದಲು ಬಣ್ಣ ಬೇಗ ಬರಲಿ, ಮಾರಿ ಕೈತೊಳೆದುಕೊಳ್ಳೋಣ ಎಂದೇ ಕೊಯ್ದಳು. ಕಾಡಿನ ಚಾಕು, ಈರುಳ್ಳಿಗೆ ದೊಡ್ಡದಾಯಿತು. ಎರಡು ಸಲ ಬೆರಳು ಕೊಯ್ದುಕೊಂಡಳು. ತಿಂಗಳೊಳಗೆ ಅಲಗಿನ ಮೇಲೆ ಪಾರಿವಾಳದ ಕೊರಳಿನಂಥ ನೀಲಿ ಬಂತು. ವರ್ಷಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಮೂರನೆಯ ವರ್ಷಕ್ಕೆ ಹಿಡಿಯಿಂದ ತುದಿಯವರೆಗೆ ಕಪ್ಪು.

ಡಾಕ್ಟರು ಫೋನ್ ಮಾಡಿದರು. "ಬಂತಾ ಅಮ್ಮಾ ಬಣ್ಣ?"

"ಇಲ್ಲ ಡಾಕ್ಟ್ರೇ. ಇನ್ನೂ ಇಲ್ಲ."

ನಾದಿನಿ ಬಾಯಿಗೆ ಸೆರಗು ಹಿಡಿದಳು. "ಹಲ್ಲಿನ ಡಾಕ್ಟ್ರಿಗೇ ಹಲ್ಲುಕಿಸಿದು ಸುಳ್ಳು ಹೇಳ್ತೀಯಲ್ಲ ಅತ್ತಿಗೆ! ಇದ್ದಿಲ ಹಾಗಿದೆಯಲ್ಲೇ!"

"ಅವರು ಕೇಳಿದ್ದು ನಿಮ್ಮಣ್ಣನ ಕಪ್ಪು. ಅದು ನನ್ನ ಕೈಯಲ್ಲಿ ಹೋಯ್ತು. ಇದು ಬೇರೆ."

"ಮಾರಲ್ಲ ಅನ್ನು ಹಾಗಾದ್ರೆ."

"ಮಾರಲ್ಲ."

ಹಾಸ್ಟೆಲ್ಲಿಗೆ ಹೊರಡುವ ಮುಂಚೆ, ಬೆಳಿಗ್ಗೆ ಆರಕ್ಕೆ, ಅವಳು ಒಂದು ಈರುಳ್ಳಿ, ಅರ್ಧ ನಿಂಬೆ ಕೊಯ್ಯುತ್ತಾಳೆ. ಅಲಗಿಗೆ ನೀರು ತಾಗಿಸುವುದಿಲ್ಲ. ಒಣ ಬಟ್ಟೆಯಲ್ಲಿ ಒಂದೇ ಕಡೆಗೆ ಒರೆಸುತ್ತಾಳೆ. ಎರಡು ಹನಿ ಎಣ್ಣೆ ಸವರಿ, ಕೈಯಲ್ಲಿ ಉಳಿದ ಎಣ್ಣೆಯನ್ನು ತನ್ನ ಒಡೆದ ಬೆರಳುಗಳಿಗೆ ತಿಕ್ಕಿಕೊಂಡು, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುತ್ತಾಳೆ.